ಕಡಲ ದಾರಿಯ ಮೂಕ ಪಯಣಿಗರು

ಸಮುದ್ರಯಾನದ ಚರಿತ್ರೆಯನ್ನು ಓದುವಾಗ ನಮ್ಮ ಕಣ್ಣಮುಂದೆ ಬಂದು ನಿಲ್ಲುವವರು ಸಾಹಸಿಗಳಾದ ನಾವಿಕರು. 1492ರಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿದ ಕೊಲಂಬಸ್, 1498ರಲ್ಲಿ ಕಲ್ಲಿಕೋಟೆಯ ಬಳಿ ಲಂಗರು ಹಾಕಿದ ವಾಸ್ಕೋ ಡ ಗಾಮ, 1519ರಲ್ಲಿ ಹೊರಟು ತಾಯ್ನಾಡಿಗೆ ಮರಳದೆ ಹೋದ ಮೆಗಲನ್ ಮೊದಲಾದವರ ಹೆಸರುಗಳನ್ನು ನಾವು ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಅವರ ಧೈರ್ಯಕ್ಕೆ ತಲೆಬಾಗುವುದು ಉಚಿತವೇ ಸರಿ. ಆದರೆ ಹಡಗನ್ನೇರಿ ಹೋದವರು ಮನುಷ್ಯರು ಮಾತ್ರವೇ? ಕುದುರೆ, ಮೇಕೆ, ಹಂದಿ, ಕೋಳಿ, ಬೆಕ್ಕು, ಕಾಗೆ ಮುಂತಾದ ಎಷ್ಟೋ ಜೀವಿಗಳು ಅದೇ ಅಲೆಗಳ ಮೇಲೆ, ಅದೇ ಬಿರುಗಾಳಿಯಲ್ಲಿ ಪಯಣಿಸಿದವು. ಅವು ತಾವಾಗಿ ಹಡಗನ್ನೇರಿದವಲ್ಲ, ಮನುಷ್ಯನು ಏರಿಸಿದನು. ಅವು ದಿನಚರಿಯನ್ನು ಬರೆಯಲಿಲ್ಲ. ಆದುದರಿಂದ ಅವುಗಳ ಕಥೆಯನ್ನು ಯಾರೂ ಕೇಳಲಿಲ್ಲ. ಇದು ಚರಿತ್ರೆಯಲ್ಲಿ ಉಳಿದುಹೋಗಿರುವ ಒಂದು ಲೋಪವೆಂದು ನನ್ನ ಭಾವನೆ.

ದಿಕ್ಸೂಚಿಯಿಲ್ಲದ ಕಾಲದಲ್ಲಿ ನಾವಿಕರಿಗೆ ದಾರಿ ತೋರಿದವುಗಳಲ್ಲಿ ಹಕ್ಕಿಗಳೂ ಸೇರಿದ್ದವು. ಬೌದ್ಧರ ಬಾವೇರು ಜಾತಕದಲ್ಲಿ ವರ್ತಕರು ದಿಕ್ಕನ್ನು ತೋರುವ ಕಾಗೆಯೊಂದನ್ನು ಹಡಗಿನಲ್ಲಿ ಕೊಂಡೊಯ್ದ ಪ್ರಸಂಗವುಂಟು. ಬಾವೇರು ಎಂದರೆ ಬ್ಯಾಬಿಲೋನ್ ಎಂದು ವಿದ್ವಾಂಸರು ಗುರುತಿಸಿದ್ದಾರೆ. ನಡುಗಡಲಿನಲ್ಲಿ ದಿಕ್ಕು ತಪ್ಪಿದಾಗ ಹಕ್ಕಿಯನ್ನು ಹಾರಿಬಿಡುತ್ತಿದ್ದರು. ನೆಲ ಕಂಡರೆ ಅದು ಆ ಕಡೆಗೆ ಹಾರಿಹೋಗುತ್ತಿತ್ತು. ಕಾಣದಿದ್ದರೆ ಬೇರೆ ಆಸರೆಯಿಲ್ಲದೆ ಹಡಗಿಗೇ ಮರಳುತ್ತಿತ್ತು. ಮನೆಯಂಗಳದಲ್ಲಿ ನಾವು ಕಲ್ಲೆಸೆದು ಓಡಿಸುವ ಕಾಗೆ ಒಂದು ಕಾಲದಲ್ಲಿ ಹಡಗಿನ ಮಾರ್ಗದರ್ಶಿಯಾಗಿತ್ತು ಎಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ.

ನಮ್ಮ ನಾಡಿನ ಚರಿತ್ರೆಗೂ ಈ ಮೂಕ ಪಯಣಿಗರಿಗೂ ನಿಕಟವಾದ ಸಂಬಂಧವಿದೆ. ವಿಜಯನಗರದ ಅರಸರಿಗೆ ಬಲಿಷ್ಠವಾದ ಅಶ್ವದಳವು ಅತ್ಯವಶ್ಯಕವಾಗಿತ್ತು. ಉತ್ತಮವಾದ ಯುದ್ಧಾಶ್ವಗಳು ಅರಬಸ್ಥಾನದಿಂದ ಮತ್ತು ಪರ್ಷಿಯದಿಂದ ಬರಬೇಕಾಗಿತ್ತು. ಹೋರ್ಮುಜ್, ಏಡನ್ ಮುಂತಾದ ರೇವುಗಳಿಂದ ಹೊರಟ ಹಡಗುಗಳು ಭಟ್ಕಳ, ಗೋವೆ ಮೊದಲಾದ ಬಂದರುಗಳಿಗೆ ಕುದುರೆಗಳನ್ನು ತರುತ್ತಿದ್ದವು. ಹದಿಮೂರನೆಯ ಶತಮಾನದ ಪ್ರವಾಸಿ ಮಾರ್ಕೊ ಪೋಲೊ ಹೋರ್ಮುಜಿನ ಹಡಗುಗಳನ್ನು ವರ್ಣಿಸಿದ್ದಾನೆ. ಕಬ್ಬಿಣದ ಮೊಳೆಗಳಿಲ್ಲದೆ, ತೆಂಗಿನ ನಾರಿನ ಹುರಿಯಿಂದ ಹಲಗೆಗಳನ್ನು ಹೊಲಿದು ಕಟ್ಟಿದ ಹಡಗುಗಳು ಅವು. ಸರಕನ್ನು ತುಂಬಿ, ಅದರ ಮೇಲೆ ಚರ್ಮವನ್ನು ಹೊದಿಸಿ, ಆ ಚರ್ಮದ ಮೇಲೆ ಕುದುರೆಗಳನ್ನು ನಿಲ್ಲಿಸುತ್ತಿದ್ದರಂತೆ. ಬಯಲಿನಲ್ಲಿ ಗಾಳಿಯಂತೆ ಓಡಬೇಕಾದ ಪ್ರಾಣಿಯು ಹೊಯ್ದಾಡುವ ಸರಕಿನ ರಾಶಿಯ ಮೇಲೆ, ಕಾಲೂರಲು ಸ್ಥಿರವಾದ ನೆಲವಿಲ್ಲದೆ ದಿನಗಟ್ಟಲೆ ನಿಂತಿರಬೇಕಾಗಿತ್ತು.

ಎಲ್ಲ ಕುದುರೆಗಳೂ ಜೀವಸಹಿತವಾಗಿ ದಡವನ್ನು ಸೇರುತ್ತಿರಲಿಲ್ಲ. ಹದಿನಾರನೆಯ ಶತಮಾನದಲ್ಲಿ ವಿಜಯನಗರದ ವೃತ್ತಾಂತವನ್ನು ಬರೆದ ಪೋರ್ಚುಗೀಸ್ ವರ್ತಕ ನೂನಿಜನು ಸಾಳುವ ನರಸಿಂಹನ ವಿಷಯವಾಗಿ ಒಂದು ಸಂಗತಿಯನ್ನು ದಾಖಲಿಸಿದ್ದಾನೆ. ಆ ಅರಸನು ಸಾವಿರ ಪರದಾವು ನಾಣ್ಯಗಳಿಗೆ ಮೂರರಂತೆ ಕುದುರೆಗಳನ್ನು ಕೊಳ್ಳುತ್ತಿದ್ದನಂತೆ. ದಾರಿಯಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಸಾಕು, ಜೀವಂತ ಕುದುರೆಗೆ ಸಲ್ಲುವಷ್ಟೇ ಹಣವನ್ನು ಕೊಡುತ್ತಿದ್ದನಂತೆ. ರಾಜನೀತಿಯ ದೃಷ್ಟಿಯಿಂದ ಇದು ಜಾಣತನದ ಕ್ರಮ. ನಷ್ಟದ ಭಯವಿಲ್ಲದಿದ್ದರೆ ವರ್ತಕರು ಉತ್ಸಾಹದಿಂದ ಬರುತ್ತಾರೆ. ರಾಜ್ಯಕ್ಕೆ ಕುದುರೆಗಳು ದೊರೆಯುತ್ತವೆ.

ಬಹಳ ವರ್ಷಗಳ ಹಿಂದೆ ತರಗತಿಯಲ್ಲಿ ಈ ಸಂಗತಿಯನ್ನು ನಾನು ಅರಸನ ಔದಾರ್ಯಕ್ಕೆ ನಿದರ್ಶನವಾಗಿ ಹೇಳಿದ್ದೆ. ಹಿಂದಿನ ಸಾಲಿನಲ್ಲಿದ್ದ ಬಾಲಕಿಯೊಬ್ಬಳು ಎದ್ದುನಿಂತು, “ಬಾಲ ಮಾತ್ರ ಬಂದರೆ ಉಳಿದ ಕುದುರೆ ಎಲ್ಲಿಗೆ ಹೋಯಿತು, ಸಾರ್?” ಎಂದು ಕೇಳಿದಳು. ಮಕ್ಕಳೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಮನೆಗೆ ಹೋದ ಮೇಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಉಳಿದ ಕುದುರೆ ಕಡಲಿಗೆ ಹೋಯಿತು. ಜೀವವಿರುವ ಕುದುರೆಗೂ ಸತ್ತ ಕುದುರೆಯ ಬಾಲಕ್ಕೂ ಬೆಲೆ ಒಂದೇ ಆದಾಗ, ಬಾಯಾರಿದ ಕುದುರೆಗೆ ಇನ್ನೊಂದು ಬೋಗುಣಿ ನೀರನ್ನು ಕೊಡಲು ವರ್ತಕನಿಗೆ ಕಾರಣವಾದರೂ ಏನಿದ್ದೀತು? ಔದಾರ್ಯವೆಂದು ನಾನು ಹೊಗಳಿದ ವ್ಯವಸ್ಥೆಯಲ್ಲಿ ಕುದುರೆಯ ಪಾಲಿಗೆ ಕರುಣೆಯ ಅಂಶವೇ ಇರಲಿಲ್ಲ. ಇದನ್ನು ಅಧ್ಯಾಪಕನಾದ ನಾನು ಕಾಣಲಿಲ್ಲ. ಆ ಬಾಲಕಿ ಕಂಡಳು.

ಕಾಣಿಕೆಯ ವಸ್ತುವಾಗಿ ಕಡಲನ್ನು ದಾಟಿದ ಪ್ರಾಣಿಗಳ ಪಾಡೂ ಹೀಗೆಯೇ. 1514ರಲ್ಲಿ ಗುಜರಾತಿನ ಸುಲ್ತಾನ ಎರಡನೆಯ ಮುಜಫ್ಫರ್ ಷಹನು ಪೋರ್ಚುಗೀಸರ ಅಧಿಪತಿ ಆಲ್ಬುಕರ್ಕನಿಗೆ ಒಂದು ಖಡ್ಗಮೃಗವನ್ನು ಉಡುಗೊರೆಯಾಗಿ ಕೊಟ್ಟನು. ಆಲ್ಬುಕರ್ಕನು ಅದನ್ನು ತನ್ನ ದೊರೆಗೆ ಕಳುಹಿಸಿದನು. 1515ರ ಜನವರಿಯಲ್ಲಿ ಗೋವೆಯನ್ನು ಬಿಟ್ಟ ಹಡಗು ಮೇ 20ರಂದು ಲಿಸ್ಬನ್ ನಗರವನ್ನು ಸೇರಿತು. ರೋಮನರ ಕಾಲದ ಅನಂತರ ಯೂರೋಪಿನ ಜನರು ಖಡ್ಗಮೃಗವನ್ನು ಕಂಡದ್ದು ಅದೇ ಮೊದಲು. ಜರ್ಮನಿಯ ಪ್ರಸಿದ್ಧ ಕಲಾವಿದ ಡ್ಯೂರರನು ಅದನ್ನು ಕಣ್ಣಾರೆ ಕಾಣದೆಯೇ, ಇತರರ ವರ್ಣನೆ ಮತ್ತು ರೇಖಾಚಿತ್ರಗಳ ಆಧಾರದಿಂದ ಅದರ ಚಿತ್ರವನ್ನು ರಚಿಸಿದನು, ಅದು ಲೋಕವಿಖ್ಯಾತವಾಯಿತು. ಆದರೆ ಆ ಪ್ರಾಣಿಯ ಗತಿಯೇನಾಯಿತು? ಪೋರ್ಚುಗಲ್ ದೊರೆಯು ಅದನ್ನು ರೋಮಿನ ಪೋಪರಿಗೆ ಕಾಣಿಕೆಯಾಗಿ ಮತ್ತೆ ಹಡಗನ್ನೇರಿಸಿದನು. 1516ರ ಆರಂಭದಲ್ಲಿ ಇಟಲಿಯ ತೀರದ ಬಳಿ ಬಿರುಗಾಳಿಗೆ ಸಿಕ್ಕಿ ಆ ಹಡಗು ಮುಳುಗಿತು. ಖಡ್ಗಮೃಗವು ಈಜಬಲ್ಲ ಪ್ರಾಣಿ. ಆದರೆ ಸರಪಳಿಯಿಂದ ಬಂಧಿತವಾಗಿದ್ದುದರಿಂದ ಅದಕ್ಕೆ ಈಜುವ ಅವಕಾಶವೇ ದೊರೆಯಲಿಲ್ಲ.

ಹಡಗಿನಲ್ಲಿ ಮನುಷ್ಯನ ಸ್ನೇಹವನ್ನು ಪಡೆದ ಪ್ರಾಣಿಗಳೂ ಇಲ್ಲದಿಲ್ಲ. ಇಲಿಗಳಿಂದ ಧಾನ್ಯವನ್ನೂ ಹಗ್ಗಗಳನ್ನೂ ಕಾಪಾಡುವ ಬೆಕ್ಕು ಹಡಗಿನ ಸಿಬ್ಬಂದಿಯಲ್ಲಿ ಒಂದಾಗಿತ್ತು. 1799ರಲ್ಲಿ ಹಡಗಿನಲ್ಲಿಯೇ ಹುಟ್ಟಿದ ಟ್ರಿಮ್ ಎಂಬ ಬೆಕ್ಕು ಮ್ಯಾಥ್ಯೂ ಫ್ಲಿಂಡರ್ಸನ ಜೊತೆಯಲ್ಲಿ ಆಸ್ಟ್ರೇಲಿಯ ಖಂಡವನ್ನು ಸುತ್ತಿತು. ಮರಿಯಾಗಿದ್ದಾಗ ಸಮುದ್ರಕ್ಕೆ ಬಿದ್ದು, ಈಜಿ, ಹಗ್ಗವನ್ನು ಹಿಡಿದು ಮೇಲೇರಿ ಬಂದ ಧೀರ ಅದು. ಫ್ಲಿಂಡರ್ಸನು ಮಾರಿಷಸ್ ದ್ವೀಪದಲ್ಲಿ ಫ್ರೆಂಚರ ಸೆರೆಯಲ್ಲಿದ್ದಾಗ ಟ್ರಿಮ್ ಕಾಣೆಯಾಯಿತು. ಆ ದುಃಖದಲ್ಲಿ ಅವನು ತನ್ನ ಗೆಳೆಯನ ಗುಣಗಳನ್ನು ಸ್ಮರಿಸಿ ಪ್ರಬಂಧವೊಂದನ್ನು ಬರೆದನು. ಇಂಥ ಭಾಗ್ಯ ಎಲ್ಲ ಬೆಕ್ಕುಗಳಿಗೂ ಇರಲಿಲ್ಲ. 1915ರಲ್ಲಿ ದಕ್ಷಿಣ ಧ್ರುವ ಪ್ರದೇಶದ ಹಿಮಗಡ್ಡೆಗಳ ನಡುವೆ ‘ಎಂಡ್ಯೂರೆನ್ಸ್’ ಹಡಗು ನಜ್ಜುಗುಜ್ಜಾದಾಗ, ನಾಯಕ ಷ್ಯಾಕಲ್ಟನ್ನನ ಅಪ್ಪಣೆಯಂತೆ ಹಡಗಿನ ಬಡಗಿ ಮ್ಯಾಕ್ನಿಷನ ಮುದ್ದಿನ ಬೆಕ್ಕನ್ನು ಗುಂಡಿಟ್ಟು ಕೊಲ್ಲಲಾಯಿತು. ಆ ನಾಯಕನು ತನ್ನೊಡನಿದ್ದ ಎಲ್ಲ ಮನುಷ್ಯರ ಪ್ರಾಣವನ್ನೂ ಉಳಿಸಿದನು. ಆದರೂ ಬಡಗಿಯು ಆ ಬೆಕ್ಕನ್ನು ಮರೆಯಲಿಲ್ಲ. 2004ರಲ್ಲಿ ನ್ಯೂಜಿಲೆಂಡಿನಲ್ಲಿರುವ ಅವನ ಸಮಾಧಿಯ ಮೇಲೆ ಕಂಚಿನ ಬೆಕ್ಕೊಂದನ್ನು ಇರಿಸಿದ್ದಾರೆ.

ಇನ್ನು ಹಡಗನ್ನೇರದೆ, ತಾವಿದ್ದ ನೆಲೆಯಲ್ಲಿಯೇ ಹಡಗಿಗೆ ಬಲಿಯಾದ ಜೀವಿಗಳು ಅನೇಕ. 1598ರಲ್ಲಿ ಡಚ್ಚರು ಮಾರಿಷಸ್ ದ್ವೀಪದಲ್ಲಿ ಇಳಿದರು. ಹಾರಲಾರದ ಡೋಡೊ ಪಕ್ಷಿಗೆ ಮನುಷ್ಯನ ಭಯವೇ ತಿಳಿದಿರಲಿಲ್ಲ. ನಾವಿಕರ ಬೇಟೆಯ ಜೊತೆಗೆ ಹಡಗುಗಳಿಂದ ಬಂದ ಇಲಿ, ಹಂದಿ, ಕೋತಿಗಳು ಅದರ ಮೊಟ್ಟೆಗಳನ್ನೂ ಮರಿಗಳನ್ನೂ ನಾಶಮಾಡಿದವು. ಒಂದು ಶತಮಾನ ತುಂಬುವ ಮೊದಲೇ ಆ ಕುಲ ಅಳಿಯಿತು. ಬೇರಿಂಗನ ಹಡಗು ಒಡೆದು ದ್ವೀಪದಲ್ಲಿ ಸಿಕ್ಕಿಬಿದ್ದವರ ಪೈಕಿ ಒಬ್ಬನಾಗಿದ್ದ ಸ್ಟೆಲ್ಲರನು 1741ರಲ್ಲಿ ಕಂಡು ವರ್ಣಿಸಿದ ಬೃಹತ್ ಕಡಲಹಸುವು 1768ರ ಹೊತ್ತಿಗೆ ಭೂಮಿಯ ಮೇಲಿಲ್ಲವಾಯಿತು. ಕೇವಲ 27 ವರ್ಷಗಳು! ಗಲಪಗಾಸ್ ದ್ವೀಪಗಳ ದೈತ್ಯ ಆಮೆಗಳು ಆಹಾರ ನೀರುಗಳಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲವು. ಆ ಸಾಮರ್ಥ್ಯವೇ ಅವುಗಳಿಗೆ ಶಾಪವಾಯಿತು. ತಿಮಿಂಗಿಲ ಬೇಟೆಗಾರರು ಅವುಗಳನ್ನು ಜೀವಂತ ಆಹಾರವಾಗಿ ಹಡಗಿನ ತಳದಲ್ಲಿ ತುಂಬಿಕೊಂಡು ಹೋದರು.

ಇಲ್ಲಿ ಒಂದು ಆಕ್ಷೇಪಣೆ ಹುಟ್ಟುವುದು ಸಹಜ. ಹಸಿದ ನಾವಿಕನು ಆಮೆಯನ್ನು ತಿಂದರೆ ತಪ್ಪೇ? ಅವನೇ ಕೊಳೆತ ನೀರು ಕುಡಿದು, ರಕ್ತಪಿತ್ತವೆಂಬ ರೋಗಕ್ಕೆ ತುತ್ತಾಗಿ ಸಾಯುತ್ತಿದ್ದ ಕಾಲವದು. ಅಂದಿನವರನ್ನು ಇಂದಿನ ತಕ್ಕಡಿಯಲ್ಲಿ ತೂಗುವುದು ನ್ಯಾಯವೇ? ಈ ಮಾತಿನಲ್ಲಿ ಸತ್ಯವಿದೆ. ಹಸಿದವನನ್ನು ನಾನು ದೂಷಿಸಲಾರೆ. ಆದರೆ ದೂಷಿಸುವುದು ಬೇರೆ, ಲೆಕ್ಕವಿಡುವುದು ಬೇರೆ. ಗಳಿಕೆಯನ್ನು ಮಾತ್ರ ಬರೆದು ವೆಚ್ಚವನ್ನು ಬರೆಯದ ಲೆಕ್ಕದ ಪುಸ್ತಕವನ್ನು ಯಾವ ವರ್ತಕನೂ ಒಪ್ಪುವುದಿಲ್ಲ. ಚರಿತ್ರೆಯನ್ನು ಮಾತ್ರ ನಾವು ಹಾಗೇಕೆ ಬರೆಯಬೇಕು? ಅಲ್ಲದೆ, ಖಡ್ಗಮೃಗವನ್ನು ಸಾಗಿಸಿದುದಕ್ಕೆ ಹಸಿವು ಕಾರಣವಾಗಿರಲಿಲ್ಲ, ಪ್ರತಿಷ್ಠೆ ಕಾರಣವಾಗಿತ್ತು. ಅನಿವಾರ್ಯತೆಯನ್ನೂ ಆಡಂಬರವನ್ನೂ ಬೇರ್ಪಡಿಸಿ ನೋಡುವ ವಿವೇಕವನ್ನು ಚರಿತ್ರೆಯೇ ನಮಗೆ ಕಲಿಸಬೇಕು.

ಇದು ಕೇವಲ ಗತಕಾಲದ ಮಾತಲ್ಲ. 2020ರ ಸೆಪ್ಟೆಂಬರಿನಲ್ಲಿ ನ್ಯೂಜಿಲೆಂಡಿನಿಂದ ಚೀನಕ್ಕೆ ಹೊರಟಿದ್ದ ‘ಗಲ್ಫ್ ಲೈವ್‌ಸ್ಟಾಕ್ 1’ ಎಂಬ ಹಡಗು ಚಂಡಮಾರುತಕ್ಕೆ ಸಿಕ್ಕಿ ಮಗುಚಿತು. ಅದರಲ್ಲಿದ್ದ 43 ಮಂದಿಯಲ್ಲಿ ಬದುಕಿ ಉಳಿದವರು ಇಬ್ಬರೇ. ಅವರೊಡನೆ ಸುಮಾರು 5,800 ದನಗಳೂ ನೀರುಪಾಲಾದವು. ಪ್ರಾಣಿಗಳಿಗೆ ಅಪಾಯಕರವಾದ ಯಾನವು ಮನುಷ್ಯರಿಗೂ ಅಪಾಯಕರವೇ ಎಂಬುದನ್ನು ಈ ದುರಂತವು ತೋರಿಸಿತು. ಸಂತೋಷದ ಸಂಗತಿಯೆಂದರೆ, ಮನುಷ್ಯನ ಮನಸ್ಸು ನಿಧಾನವಾಗಿಯಾದರೂ ಎಚ್ಚರಗೊಳ್ಳುತ್ತಿದೆ. ವಧೆಗಾಗಿ ಜೀವಂತ ಪಶುಗಳನ್ನು ಹೊರದೇಶಗಳಿಗೆ ಕಳುಹಿಸುವುದನ್ನು ಬ್ರಿಟನ್ 2024ರಲ್ಲಿ ಶಾಸನದ ಮೂಲಕ ನಿಷೇಧಿಸಿತು. ಕಡಲ ಮಾರ್ಗವಾಗಿ ಜೀವಂತ ಕುರಿಗಳ ರಫ್ತು 2028ರ ಮೇ ತಿಂಗಳಿನಲ್ಲಿ ಕೊನೆಗೊಳ್ಳಬೇಕೆಂದು ಆಸ್ಟ್ರೇಲಿಯ ಅದೇ ವರ್ಷ ಶಾಸನ ಮಾಡಿತು.

ಹಂಪೆಗೆ ಹೋದವರು ಹಜಾರ ರಾಮ ದೇವಾಲಯದ ಪ್ರಾಕಾರದ ಗೋಡೆಯ ಮೇಲೆ ಸಾಲುಸಾಲಾಗಿ ಸಾಗುವ ಕುದುರೆಗಳ ಶಿಲ್ಪಗಳನ್ನು ನೋಡಿ ಮೆಚ್ಚುತ್ತಾರೆ. ನೀವೂ ನೋಡಿರಿ, ಶಿಲ್ಪಿಯ ಕೈಚಳಕವನ್ನು ಮನಸಾರೆ ಮೆಚ್ಚಿರಿ. ಆದರೆ ದಡವನ್ನು ಸೇರಿದ ಆ ಕುದುರೆಗಳ ಹಿಂದೆ, ಬಾಲವನ್ನು ಮಾತ್ರ ಕಳುಹಿಸಿ ಕಡಲಿನಲ್ಲಿಯೇ ಉಳಿದ ಕುದುರೆಗಳೂ ಇದ್ದವೆಂಬುದನ್ನು ಒಂದು ಕ್ಷಣ ನೆನೆಯಿರಿ. ನನ್ನ ತರಗತಿಯ ಆ ಬಾಲಕಿ ಕೇಳಿದಂತಹ ಪ್ರಶ್ನೆಯನ್ನು ಕೇಳಲು ನಾಚಬೇಡಿರಿ. ನಗುವವರು ನಗಲಿ, ಉತ್ತರ ಹೇಳಬೇಕಾದವರು ಆಮೇಲೆ ಯೋಚಿಸುತ್ತಾರೆ.