ಕ್ಯಾಮೆರಾ ಯಾವಾಗ ನಿಲ್ಲುತ್ತದೆ ಎಂದು ಮೊದಲು ಕೇಳಿ

ಆಳಂದ, ಅಫಜಲಪುರ, ಜೇವರ್ಗಿ ಕಡೆ ಮದುವೆ ಸೀಸನ್ ಬಂತೆಂದರೆ ಮಂಟಪದ ತುಂಬ ಕ್ಯಾಮೆರಾದ ಅಲುಗಾಟ ತಗ್ಗಿಸುವ ಗಿಂಬಲ್ ಹಿಡಿದ ಹುಡುಗರು ಓಡಾಡುತ್ತಿರುತ್ತಾರೆ. ಕ್ಯಾಮೆರಾ ಕೊಳ್ಳುವಾಗ ಅವರು ಕೇಳುವುದು 4ಕೆ ಇದೆಯೇ, ಹಿನ್ನೆಲೆ ಎಷ್ಟು ಮಸುಕಾಗುತ್ತದೆ ಎಂದು. ಎಷ್ಟು ಹೊತ್ತು ನಿಲ್ಲದೆ ಓಡುತ್ತದೆ ಎಂದು ಕೇಳುವವರು ಕಡಿಮೆ. ಯಾವ ಉಪಕರಣ ತಂದರೂ ಒಂದಲ್ಲ ಒಂದು ಕೊರತೆ ಇದ್ದದ್ದೇ. ಹಾಗಿರುವಾಗ ನಮ್ಮ ಕೆಲಸಕ್ಕೆ ಅಡ್ಡ ಬಾರದ ಕೊರತೆ ಯಾವುದೆಂದು ನೋಡಿ ಕೊಳ್ಳಬೇಕು. ಈ ಮೂರು ತಾಲ್ಲೂಕುಗಳಲ್ಲಿ ನಡೆಯುತ್ತಿರುವುದು ಹೆಚ್ಚಾಗಿ ಇದರ ಉಲ್ಟಾ.

ಮೊದಲು ಬಿಸಿಲಿನ ಮಾತು. ಬಹುತೇಕ ಕ್ಯಾಮೆರಾಗಳ ಕೈಪಿಡಿಯಲ್ಲಿ 0ಯಿಂದ 40 ಡಿಗ್ರಿಯೊಳಗೆ ಬಳಸಿ ಎಂದಿರುತ್ತದೆ. ಮೇ ತಿಂಗಳ ಕಲಬುರಗಿ ಜಿಲ್ಲೆಯಲ್ಲಿ ಮಧ್ಯಾಹ್ನ ಅಕ್ಕಿಕಾಳು ಬೀಳುವ ಹೊತ್ತಿಗೆ ಪೆಂಡಾಲಿನ ನೆರಳಲ್ಲೇ ಅಷ್ಟು ಕಾವು ಇರುತ್ತದೆ. ಮಿರರ್‌ಲೆಸ್ ಕ್ಯಾಮೆರಾದ ಸಣ್ಣ ಒಡಲಿಗೆ ಶಾಖ ಹೊರಹಾಕುವ ದಾರಿ ಕಡಿಮೆ. 2020ರಲ್ಲಿ ಬಂದ ಕ್ಯಾನನ್ ಆರ್5 ಅಷ್ಟು ದುಬಾರಿಯದಾದರೂ 8ಕೆಯಲ್ಲಿ ಒಂದೇ ಸಲಕ್ಕೆ ಸುಮಾರು 20 ನಿಮಿಷ ಮಾತ್ರ ಓಡುತ್ತಿತ್ತು. ಹಳೆಯ ಡಿಎಸ್‌ಎಲ್‌ಆರ್‌ಗಳು 29 ನಿಮಿಷ 59 ಸೆಕೆಂಡಿಗೆ ನಿಂತುಬಿಡುವುದಕ್ಕೆ ಬೇರೆಯೇ ಕಾರಣ: 30 ನಿಮಿಷ ಮುಟ್ಟಿದರೆ ಐರೋಪ್ಯ ಒಕ್ಕೂಟದ ಸುಂಕದ ಲೆಕ್ಕದಲ್ಲಿ ಅದು ವಿಡಿಯೊ ಕ್ಯಾಮೆರಾ ಆಗಿ ತೆರಿಗೆ ಏರುತ್ತಿತ್ತು. ಯುರೋಪಿನ ತೆರಿಗೆಗೆ ಹೆದರಿ ಮಾಡಿದ ಕಟ್ಟುಪಾಡು ಆಳಂದದ ಮದುವೆಯ ವಿಡಿಯೊವನ್ನೂ ನಡುವೆ ತುಂಡರಿಸಿತು! ಮೆಮೊರಿ ಕಾರ್ಡಿನದು ಇನ್ನೊಂದು ಲೆಕ್ಕ. ಸೆಕೆಂಡಿಗೆ 100 ಮೆಗಾಬಿಟ್‌ನ 4ಕೆ ವಿಡಿಯೊ ಗಂಟೆಗೆ 45 ಜಿಬಿ ನುಂಗುತ್ತದೆ. 25 ಮೆಗಾಬಿಟ್‌ನ ಎಚ್‌ಡಿಗೆ ಹನ್ನೊಂದು ಚಿಲ್ಲರೆ ಜಿಬಿ ಸಾಕು.

ಇಲ್ಲಿ ಚಿತ್ರೀಕರಿಸಬೇಕಾದದ್ದಾದರೂ ಏನು? ರಾತ್ರಿ ಶುರುವಾಗಿ ಬೆಳಕು ಹರಿಯುವವರೆಗೆ ನಡೆಯುವ ಬಯಲಾಟ, ಹರದೇಶಿ–ನಾಗೇಶಿ ಸವಾಲು–ಜವಾಬಿನ ಹಾಡು, ಮೊಹರಂನ ರಿವಾಯತ್ ಪದ. ಇವುಗಳ ಜೀವ ಇರುವುದು ಮಾತಿನಲ್ಲಿ, ದನಿಯಲ್ಲಿ. ಸವಾಲು ಸಿಕ್ಕು ಜವಾಬು ತಪ್ಪಿಹೋದ ವಿಡಿಯೊ ಯಾರಿಗೂ ಬೇಡ. ಹಳೇ ಫ್ಯಾಷನ್ ಎಂದು ಹುಡುಗರು ಮೂಗು ಮುರಿಯುವ ಹ್ಯಾಂಡಿಕ್ಯಾಮ್ ಜಾತಿಯ ಕ್ಯಾಮೆರಾ ಈ ಕೆಲಸಕ್ಕೆ ಒಗ್ಗುತ್ತದೆ. ಟ್ರೈಪಾಡಿನ ಮೇಲೆ ನಿಲ್ಲಿಸಿ, ಕರೆಂಟಿನ ವೈರು ಸಿಕ್ಕಿಸಿ, ಎರಡು ಕಾರ್ಡು ಹಾಕಿದರೆ ಒಂದು ತುಂಬಿದ ಮೇಲೆ ಇನ್ನೊಂದಕ್ಕೆ ತಾನೇ ಹೊರಳುವ ಮಾದರಿಗಳಿವೆ. ಹೊರಗಿನ ಮೈಕ್ ನೇರ ಜೋಡಿಸಬಹುದು. ಲೆನ್ಸ್ ಬದಲಿಸುವ ಗೋಜಿಲ್ಲದ್ದರಿಂದ ಎರೆಮಣ್ಣಿನ ಧೂಳು ಸೆನ್ಸರಿನ ಮೇಲೆ ಕೂರುವ ಭಯವೂ ಇಲ್ಲ. ಸೆನ್ಸರ್ ಚಿಕ್ಕದು, ಕತ್ತಲಲ್ಲಿ ಚಿತ್ರ ಕಾಳುಕಾಳಾಗುತ್ತದೆ ಎಂಬ ದೂರು ಸುಳ್ಳಲ್ಲ. ಅದಕ್ಕೆ ಅಟ್ಟದ ಮೇಲೆ ಇನ್ನೆರಡು ದೀಪ ಕಟ್ಟಿಸಬಹುದು, ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಷಟರನ್ನು 1/50ಕ್ಕೆ ಇಟ್ಟು ಬೆಳಕಿನ ಮಿಣುಕು ತಗ್ಗಿಸಬಹುದು. ನಡುವೆ ನಿಂತುಹೋದ ರೆಕಾರ್ಡಿಂಗಿಗೆ ಅಂಥ ಮದ್ದಿಲ್ಲ.

ಗಿಂಬಲ್ ಬೇಡವೇ ಬೇಡ ಎಂದಲ್ಲ. ಗಾಣಗಾಪುರದ ದತ್ತನ ಪಲ್ಲಕ್ಕಿಯ ಜೊತೆ ಹೆಜ್ಜೆ ಹಾಕಬೇಕು, ತೇರಿನ ಮುಂದೆ ಹಿಮ್ಮುಖ ನಡೆಯಬೇಕು ಎಂದರೆ ಟ್ರೈಪಾಡ್ ಕೆಲಸಕ್ಕೆ ಬಾರದು. ಆದರೆ ಗಿಂಬಲ್ಲಿನ ಮೋಟಾರುಗಳು ಸರಿಪಡಿಸುವುದು ಓರೆ, ತಿರುವು, ಬಾಗುಗಳನ್ನು ಮಾತ್ರ. ಹೆಜ್ಜೆ ಹೆಜ್ಜೆಗೂ ಆಗುವ ಮೇಲೆ–ಕೆಳಗಿನ ಕುಲುಕನ್ನಲ್ಲ. 1970ರ ದಶಕದಲ್ಲಿ ಗ್ಯಾರೆಟ್ ಬ್ರೌನ್ ರೂಪಿಸಿದ ಸ್ಟೆಡಿಕ್ಯಾಮ್‌ನಲ್ಲಿ ಆ ಕುಲುಕು ನುಂಗಲೆಂದೇ ಸ್ಪ್ರಿಂಗಿನ ತೋಳಿತ್ತು. ಗಿಂಬಲ್ಲಿನಲ್ಲಿ ಆ ಕೆಲಸ ಹಿಡಿದವನ ಮೊಣಕಾಲಿನದು: ಕಾಲು ಬಾಗಿಸಿ, ಹಿಮ್ಮಡಿ ಮೊದಲು ಊರಿ ನಡೆಯಬೇಕು. ಜಾತ್ರೆಯ ನೂಕುನುಗ್ಗಲಲ್ಲಿ, ಎರಡು ಕಿಲೊ ತೂಕ ಕೈಯಲ್ಲಿ ಹಿಡಿದು, ಇದು ಎಷ್ಟು ಹೊತ್ತು ಸಾಧ್ಯ? ಭಾರವಾದ ಬೇರೆ ಲೆನ್ಸ್ ಹಾಕಿದರೆ ತೂಕ ಮತ್ತೆ ಸಮ ಮಾಡಬೇಕು, ಅಷ್ಟರಲ್ಲಿ ಪಲ್ಲಕ್ಕಿ ಮುಂದೆ ಹೋಗಿರುತ್ತದೆ. ಕ್ಯಾಮೆರಾದೊಳಗಿನ ಡಿಜಿಟಲ್ ಸ್ಥಿರೀಕರಣ ಹಗುರ, ಆದರೆ ಚಿತ್ರದ ಅಂಚು ಕತ್ತರಿಸುತ್ತದೆ. ಅಗಲ ಲೆನ್ಸ್ ಇದ್ದರೆ ಆ ನಷ್ಟ ತಡೆದುಕೊಳ್ಳಬಹುದು. ವರ್ಷಕ್ಕೆ ನಾಲ್ಕಾರು ಮೆರವಣಿಗೆಗಾಗಿ ಗಿಂಬಲ್ ಕೊಳ್ಳುವುದಕ್ಕಿಂತ ಬಾಡಿಗೆಗೆ ತಂದು, ಉಳಿದ ದುಡ್ಡನ್ನು ಮೈಕಿಗೆ ಹಾಕುವುದು ಲಾಭ.

ಗಿರಾಕಿ ಕೇಳುವುದೇ ಸಿನಿಮಾ ಥರದ ವಿಡಿಯೊ, ನಾವೇನು ಮಾಡೋಣ ಎಂಬ ಸ್ಟುಡಿಯೊದವರ ಮಾತನ್ನು ತಳ್ಳಿಹಾಕಲಾಗದು. ಅದು ಅವರ ಹೊಟ್ಟೆಪಾಡು. ಮೂರು ನಿಮಿಷದ ರೀಲ್ಸಿಗೆ ಗಿಂಬಲ್ ಓಡಾಡಲಿ, ಜೊತೆಗೊಂದು ಕ್ಯಾಮೆರಾ ಕದಲದೆ ನಿಂತಿರಲಿ. ಮೊಬೈಲ್ ಸಾಕಲ್ಲ ಎನ್ನುವವರಿಗೆ ಹೇಳಬೇಕಾದದ್ದು ಇಷ್ಟೇ: ಹತ್ತು ನಿಮಿಷಕ್ಕೆ ಸಾಕು, ಇಡೀ ರಾತ್ರಿಗೆ ಸಾಲದು. ಹಾಡಿಕೆಯವರ ತಂಡಗಳು, ಕಾಲೇಜುಗಳು, ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ ಇರುವ ಕೇಂದ್ರೀಯ ವಿಶ್ವವಿದ್ಯಾಲಯ ಜನಪದ ದಾಖಲಾತಿಗೆಂದು ಕ್ಯಾಮೆರಾ ಕೊಳ್ಳುವುದಾದರೆ ಕೊಟೇಶನ್ನಿನಲ್ಲಿ ಮೆಗಾಪಿಕ್ಸೆಲ್‌ಗಿಂತ ಮೊದಲು ಎರಡು ಷರತ್ತು ಬರೆಯಲಿ: ನಾಲ್ಕು ಗಂಟೆ ನಿಲ್ಲದ ರೆಕಾರ್ಡಿಂಗ್, ಎರಡು ಮೈಕಿನ ಜೋಡಣೆ. ಮಾರುವವರು ಅದನ್ನು ಎ.ಸಿ. ಕೋಣೆಯಲ್ಲಲ್ಲ, ಏಪ್ರಿಲ್ಲಿನ ಮಧ್ಯಾಹ್ನ ಅಂಗಳದಲ್ಲಿ ಓಡಿಸಿ ತೋರಿಸಲಿ.