ಅಂಗೈಯ ಲಿಂಗ ಕಪ್ಪು, ಸೊಸೆ ಮಾತ್ರ ಬೆಳ್ಳಗಿರಬೇಕೇ?



ದಿನವೂ ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಅದರಲ್ಲಿ ದೃಷ್ಟಿ ನೆಡುತ್ತೇವೆ. ಆ ಲಿಂಗದ ಬಣ್ಣ ಯಾವುದು? ಕಪ್ಪು. ಆ ಕಪ್ಪು ಹೊಳಪಿನಲ್ಲೇ ನಮಗೆ ಪರಶಿವನ ಬೆಳಕು ಕಾಣುತ್ತದೆ. ಪೂಜೆ ಮುಗಿಸಿ ಮಗನಿಗೆ ಕನ್ಯೆ ನೋಡಲು ಹೊರಟಾಗ ಮಾತ್ರ ‘ಹುಡುಗಿ ಬೆಳ್ಳಗಿರಬೇಕು’ ಎನ್ನುತ್ತೇವೆ. ಉಪ್ಪಿಟ್ಟು ತಿಂದು, ಚಹಾ ಕುಡಿದು, ‘ಊರಿಗೆ ಹೋಗಿ ತಿಳಿಸುತ್ತೇವೆ’ ಎಂದು ಎದ್ದು ಬರುತ್ತೇವೆ. ಆ ಮನೆಯ ಮಗಳು ಆ ರಾತ್ರಿ ಕನ್ನಡಿ ಮುಂದೆ ಏನು ಅಂದುಕೊಂಡಾಳು ಎಂದು ಯೋಚಿಸುವುದಿಲ್ಲ.

ವಧು-ವರರ ಸಮಾವೇಶಗಳ ಅರ್ಜಿ ನೋಡಿ. ಎತ್ತರ, ಮೈಬಣ್ಣ, ಸಂಬಳಕ್ಕೆ ಒಂದೊಂದು ಕಲಂ ಇರುತ್ತದೆ. ಲಿಂಗಪೂಜೆ ಉಂಟೇ, ದುಡಿಮೆಯಲ್ಲಿ ದಾಸೋಹಕ್ಕೆ ಪಾಲೆಷ್ಟು ಎಂದು ಕೇಳುವವರು ಅಪರೂಪ. 2020ರಲ್ಲಿ ಶಾದಿ.ಕಾಮ್ ತನ್ನ ಜಾಲತಾಣದಿಂದ ಮೈಬಣ್ಣದ ಆಯ್ಕೆಯನ್ನು ತೆಗೆದುಹಾಕಿತು. 1975ರಿಂದ ಬಿಳುಪನ್ನೇ ಮಾರಿದ ‘ಫೇರ್ ಅಂಡ್ ಲವ್ಲಿ’ ಅದೇ ವರ್ಷ ಹೆಸರಿನಿಂದ ‘ಫೇರ್’ ಪದವನ್ನು ಕೈಬಿಟ್ಟಿತು. ಜನ ಛೀಮಾರಿ ಹಾಕಿದ ಮೇಲಾದರೂ ವ್ಯಾಪಾರಿಗಳು ತಿದ್ದಿಕೊಂಡರು. ಬಸವಣ್ಣನವರ ಹೆಸರು ಹೇಳುವ ನಾವು ಯಾವಾಗ ತಿದ್ದಿಕೊಳ್ಳುವುದು?

‘ಅಂದ ನೋಡುವುದು ತಪ್ಪೇ?’ ಎಂದು ಹಿರಿಯರು ಕೇಳಬಹುದು. ತಪ್ಪಲ್ಲ. ಆದರೆ ಬಿಳುಪೊಂದೇ ಅಂದವೆಂದು ತೀರ್ಪು ಕೊಟ್ಟವರು ಯಾರು? ಇನ್ನು ಕೆಲವರು ಕಪ್ಪು ಹುಡುಗಿಗೆ ‘ಇರಲಿ ಬಿಡು, ಗುಣ ಚೆನ್ನಾಗಿದೆಯಲ್ಲ’ ಎಂದು ಸಮಾಧಾನ ಹೇಳುತ್ತಾರೆ. ಅದೂ ಅವಮಾನವೇ. ಅಂಗವೇ ಲಿಂಗದ ನೆಲೆಯೆಂದು ನಂಬಿದ ಮೇಲೆ ಆ ಮೈಯಲ್ಲಿ ಕೊರತೆ ಎಲ್ಲಿಂದ ಬಂತು? ಕೊರತೆ ಇರುವುದು ನಮ್ಮ ಕಣ್ಣಿನಲ್ಲಿ.

ಉಡುತಡಿಯ ಮಹಾದೇವಿಯಲ್ಲಿ ಕೌಶಿಕ ಕಂಡದ್ದು ರೂಪವನ್ನು ಮಾತ್ರ. ಕಲ್ಯಾಣದ ಶರಣರು ಅವಳ ಅರಿವನ್ನು ಒರೆಗೆ ಹಚ್ಚಿ ‘ಅಕ್ಕ’ ಎಂದು ಗೌರವಿಸಿದರು. ಕನ್ಯೆ ನೋಡಲು ಹೋಗುವ ನಾವು ಯಾರ ಸಾಲಿನಲ್ಲಿ ನಿಂತಿದ್ದೇವೆ?

ಮಠಗಳ ಪೂಜ್ಯರಲ್ಲಿ ಒಂದು ವಿನಂತಿ: ಮುಂದಿನ ಸಮಾವೇಶದ ಅರ್ಜಿಯಿಂದ ಮೈಬಣ್ಣದ ಕಲಂ ತೆಗೆಸಿ, ಅಲ್ಲಿ ಕಾಯಕ-ದಾಸೋಹದ ಕಲಂ ಹಾಕಿಸಿ. ತಾಯಂದಿರಲ್ಲಿ ಇನ್ನೊಂದು: ಮಗಳ ಹಣೆಗೆ ವಿಭೂತಿ ಹಚ್ಚುವ ಕೈಯಿಂದಲೇ ಅವಳ ಕೆನ್ನೆಗೆ ಬಿಳುಪಿನ ಕ್ರೀಮು ಹಚ್ಚಬೇಡಿ.