ಚದರಕ್ಕೆ ಎಷ್ಟು?

ಬೆಂಗಳೂರಲ್ಲಿ ಮನೆ ಕಟ್ಟಿಸ್ತಿದ್ದೀನಿ ಅಂತ ಯಾರಿಗಾದ್ರೂ ಹೇಳಿ ನೋಡಿ. ಮೊದಲು ಬರೋ ಪ್ರಶ್ನೆ ಒಂದೇ: "ಚದರಕ್ಕೆ ಎಷ್ಟು?" ಚದರ ಅಂದ್ರೆ 100 ಚದರಡಿ. ಗೋಡೆ, ಕಂಬಿ, ಟೈಲ್ಸು, ಪೈಪು, ಬಣ್ಣ ಎಲ್ಲ ಸೇರಿಸಿ ಒಂದೇ ರೇಟು. ಮೊಬೈಲ್ ಕೊಳ್ಳೋಕೆ ಹತ್ತು ರಿವ್ಯೂ ನೋಡೋ ನಾವು, ಇಪ್ಪತ್ತು ವರ್ಷ ಇಎಂಐ ಕಟ್ಟೋ ಮನೆಯನ್ನ ಹೀಗೆ ಸಗಟಾಗಿ ಕೊಳ್ತೀವಿ.

ಆಮೇಲೆ ಮನೆ ಸೋರಿದ್ರೆ ಆರ್ಕಿಟೆಕ್ಟಿಗೂ ಕಂಟ್ರಾಕ್ಟರಿಗೂ ಹೊಂದಾಣಿಕೆ ಇರ್ಲಿಲ್ಲ ಅಂತೀವಿ. "ಅವರಿಗೆ ಸೈಟಿನ ಗಂಧಗಾಳಿ ಇಲ್ಲ" ಅಂತ ಇವರು, "ಇವರಿಗೆ ಡ್ರಾಯಿಂಗ್ ಓದೋಕೆ ಬರಲ್ಲ" ಅಂತ ಅವರು. ನಾನು ಹೇಳೋದು ಇಷ್ಟೇ: ಆ ಜಗಳ ಹಚ್ಚಿದವರು ನಾವು, ಓನರ್‌ಗಳು.

ಲೆಕ್ಕ ಹಾಕಿ ನೋಡಿ. ಚದರದ ರೇಟು ಒಪ್ಪಿದ ಮೇಲೆ ಕಂಟ್ರಾಕ್ಟರಿಗೆ ಲಾಭ ಹೆಚ್ಚೋದು ಎಲ್ಲಿಂದ? ಮಾಡದೆ ಬಿಟ್ಟ ಕೆಲಸದಿಂದ. ಆರ್ಕಿಟೆಕ್ಟ್ ಬರೆದ ಒಂದೊಂದು ಡೀಟೇಲೂ ಅವರ ಜೇಬಿಗೆ ಕತ್ತರಿ. ಇತ್ತ ಆರ್ಕಿಟೆಕ್ಟಿಗೆ "ಪ್ಲಾನ್ ಮಾತ್ರ ಕೊಡಿ ಸಾರ್, ಸೈಟ್ ವಿಸಿಟ್ ಬೇಡ" ಅಂತ ಹೇಳಿ ಫೀಸು ಉಳಿಸಿರ್ತೀವಿ.

ನನ್ನ 30×40 ಸೈಟಲ್ಲಿ ನಾನು ಮಾಡಿದ್ದೂ ಇದನ್ನೇ. ಮೇಲಿನ ಬಾತ್‌ರೂಮಿಗೆ ವಾಟರ್‌ಪ್ರೂಫಿಂಗ್, ಟೈಲ್ಸ್ ಹಾಕೋ ಮುಂಚೆ ನೀರು ನಿಲ್ಲಿಸಿ ಪರೀಕ್ಷೆ, ಎಲ್ಲ ಡ್ರಾಯಿಂಗಲ್ಲಿತ್ತು. ಗೃಹಪ್ರವೇಶದ ಮುಹೂರ್ತ ಹತ್ತಿರ ಬಂತು, ಪರೀಕ್ಷೆ ಬಿಟ್ವಿ. ವರ್ಷ ತುಂಬೋದ್ರೊಳಗೆ ಕೆಳಗಿನ ಅಡುಗೆಮನೆಯಲ್ಲಿ ಅಮ್ಮ ಪಕ್ಕದಲ್ಲಿ ಬಕೆಟ್ ಇಟ್ಕೊಂಡು ಒಗ್ಗರಣೆ ಹಾಕ್ತಿದ್ರು. ಕಂಟ್ರಾಕ್ಟರ್ ಅಂದ್ರು, "ಆ ರೇಟಲ್ಲಿ ಅದು ಬರಲ್ಲ ಸಾರ್." ಆರ್ಕಿಟೆಕ್ಟ್ ಕೇಳಿದ್ರು, "ನನ್ನ ಕರೆದಿದ್ರಾ?" ಇಬ್ಬರೂ ಸುಳ್ಳು ಹೇಳಲಿಲ್ಲ. ಟೈಲ್ಸ್ ಒಡೆಸಿ ಮತ್ತೆ ಹಾಕಿಸಿದ ಖರ್ಚು ಮಾತ್ರ ಉಳಿಸಿದ ಫೀಸನ್ನ ನುಂಗಿ ಹಾಕ್ತು.

ಆರ್ಕಿಟೆಕ್ಟ್ ಸೈಟಿಗೆ ಬಂದ್ರೆ ಮನೆ ದುಬಾರಿ ಆಗುತ್ತೆ ಅನ್ನೋರು ತಿರುವನಂತಪುರ ನೋಡಿ ಬರಲಿ. ಲಾರಿ ಬೇಕರ್ ಮೇಸ್ತ್ರಿಗಳ ಪಕ್ಕದಲ್ಲೇ ನಿಂತು, ಎಷ್ಟೋ ತೀರ್ಮಾನಗಳನ್ನ ಸೈಟಲ್ಲೇ ತಗೊಂಡು ಕಟ್ಟಿಸ್ತಿದ್ರು. ಅವರು ಹೆಸರಾದದ್ದೇ ಕಡಿಮೆ ಖರ್ಚಿನ ಮನೆಗಳಿಗೆ.

ಹಾಗಾದ್ರೆ ಏನು ಮಾಡ್ಬೇಕು? ಚದರ ಬಿಡಿ, ಐಟಂವಾರು ಪಟ್ಟಿ ಮಾಡಿಸಿ. ಕಾಂಕ್ರೀಟ್ ಎಷ್ಟು, ಯಾವ ಗ್ರೇಡು, ಕಂಬಿ ಎಷ್ಟು ಕೆಜಿ, ವಾಟರ್‌ಪ್ರೂಫಿಂಗ್ ಎಷ್ಟು ಚದರಡಿ, ಒಂದೊಂದಕ್ಕೂ ಬೇರೆ ರೇಟು. ಆದ ಕೆಲಸ ಅಳೆದು, ಆರ್ಕಿಟೆಕ್ಟ್ ಸಹಿ ಹಾಕಿದ ಮೇಲೆ ದುಡ್ಡು. ಆಗ ಒಳ್ಳೆ ಕೆಲಸ ಮಾಡಿದ್ರೆ ಕಂಟ್ರಾಕ್ಟರಿಗೆ ನಷ್ಟ ಇಲ್ಲ. ಮೋಲ್ಡ್ ಹಾಕೋ ಹಿಂದಿನ ದಿನ ಇಂಜಿನಿಯರ್ ಸಮೇತ ಎಲ್ಲರೂ ಸೈಟಲ್ಲಿ ನಿಂತು ಕಂಬಿ ನೋಡಲಿ. ಐಎಸ್ 456 ಪ್ರಕಾರ ಕ್ಯೂರಿಂಗ್ ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿಯಂಥದ್ದು ಬೆರೆತಿದ್ರೆ 10 ದಿನ. ಟ್ಯಾಂಕರ್ ನೀರಿನ ದುಡ್ಡು ಯಾರದು ಅಂತ ಬರೆದಿರದಿದ್ರೆ ಮೂರನೇ ದಿನಕ್ಕೇ ಪೈಪು ಒಣಗುತ್ತೆ.

ಆಫೀಸಲ್ಲಿ ರಿಕ್ವೈರ್‌ಮೆಂಟ್ ಬರೆಯದೆ ಒಂದು ಬಟನ್ ಕೂಡ ಮಾಡಲ್ಲ ನಾವು. ಟೆಸ್ಟಿಂಗ್ ಬಿಟ್ಟು ರಿಲೀಸ್ ಮಾಡಿದ್ರೆ ಕೂಗಾಡ್ತೀವಿ. ಅದೇ ಬುದ್ಧಿ ಸೈಟಿಗೆ ಬರುವಾಗ ಎಲ್ಲಿ ಹೋಗುತ್ತೆ? ಆರ್ಕಿಟೆಕ್ಟನ್ನೂ ಕಂಟ್ರಾಕ್ಟರನ್ನೂ ಒಂದೇ ಟೇಬಲ್ಲಿಗೆ ಕೂರಿಸಿ, ಪಟ್ಟಿಗೆ ಇಬ್ಬರ ಸಹಿ ಹಾಕಿಸಿ. ಅಲ್ಲಿವರೆಗೂ ಪಾಯಕ್ಕೆ ಗುದ್ದಲಿ ಹಾಕಬೇಡಿ.